ಅಲಸಂದೆ ಕಾಳಿನ ಮತ

ಆ ಸಂಜೆ ಕ್ಯಾಪ್ಟನ್ ಮನೆಗೆ ಬೆಂಕಿ ಹಚ್ಚುವುದನ್ನೇ ಮರೆತ.

ಕೈಯಲ್ಲಿ ಪಂಜು, ಮೈಮೇಲೆ ದಪ್ಪ ಉಣ್ಣೆಯ ಕೆಂಪು ಕೋಟು. ಹಣೆಯಿಂದ ಇಳಿದ ಬೆವರು ಗದ್ದದ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು. 'ರಾಜದ್ರೋಹಿಗಳ ಮನೆ ಇದು, ಸುಟ್ಟುಬಿಡಿ!' ಎಂದು ಅವನು ಅರಚಬೇಕಿತ್ತು. ಅರಚಲಿಲ್ಲ. ಬಾಗಿಲಲ್ಲಿ ನಿಂತ ರೊವೀನಾಳನ್ನು ಸುಮ್ಮನೆ ನೋಡುತ್ತಿದ್ದ.

ಬಯಲು ರಂಗಮಂದಿರದ ಕಲ್ಲು ಮೆಟ್ಟಿಲುಗಳ ಮೇಲೆ ಕೂತ ಜನ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. ಗುಡ್ಡದ ಮರಗಳಲ್ಲಿ ಜೀರುಂಡೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇವನಿಗೆ ಮಾತು ಮರೆತುಹೋಗಿದೆ ಎಂದುಕೊಂಡ ರೊವೀನಾ, ನಾಟಕದಲ್ಲಿ ಇಲ್ಲದ ಮಾತೊಂದನ್ನು ಅವನತ್ತ ಎಸೆದಳು.

"ಏನು ನೋಡ್ತಾ ನಿಂತೆ? ಸುಡೋಕೆ ಬಂದವನು ಸುಟ್ಟು ನಡಿ!"

ಆಗ ಅವನಿಗೆ ಎಚ್ಚರವಾಯಿತು. ಯಾರಿಗೋ ಕ್ಷಮೆ ಕೇಳುವವನಂತೆ ಮೆಲ್ಲಗೆ, "ಸುಟ್ಟುಬಿಡಿ" ಎಂದ. ಗೋಡೆಯ ಹಿಂದಿನ ಗ್ಯಾಸ್ ಪೈಪುಗಳಿಂದ ಬೆಂಕಿ ಭುಗಿಲೆದ್ದಿತು. ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ, ವೇಷ ಬದಲಿಸುವ ಶೆಡ್ಡಿನ ಹಿಂದಿನ ಬೆಂಚಿನಲ್ಲಿ ಕೂತು ರೊವೀನಾ ಬೂಟು ಕಳಚಿದಳು. ಪಾದ ಊದಿಕೊಂಡಿದ್ದವು. ಕೆಂಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದ ಡ್ವೈಟ್ ಗಿಲ್‌ಕ್ರಿಸ್ಟ್, ಬೆಂಚಿನ ಇನ್ನೊಂದು ತುದಿಯಲ್ಲಿ ನಿಂತ.

"ಏನ್ರೀ ಕ್ಯಾಪ್ಟನ್, ಕುಡಿದು ಬಂದಿದ್ರಾ?"

"ಇಲ್ಲ ಮಿಸ್ ರೊವೀನಾ. ಸುಸ್ತು."

"ಸುಸ್ತು ನಿಮಗೊಬ್ಬರಿಗೇನಾ? ಬೆಳಕು ಹರಿಯೋಕೆ ಮುಂಚೆ ಎದ್ದು ವೃದ್ಧಾಶ್ರಮದವರಿಗೆಲ್ಲ ಬೇಯಿಸಿ ಹಾಕಿ ಬಂದಿದ್ದೀನಿ. ಇಲ್ಲಿ ನನ್ನ ಮನೆ ಸುಡೋಕೂ ನಾನೇ ಹೇಳಿಕೊಡಬೇಕಾ?"

ಅವನು ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ. "ಟೆನೆಸಿಗೆ ಹೋಗಿಬಿಡ್ತಿದ್ದೀರಂತೆ? ನಿಮ್ಮ ನಾಟಕದ ಮಗಳು ಬ್ರಿಯಾನ ಹೇಳಿದಳು."

"ಹೌದು. ಕೊನೆಯ ಆಟದ ಮರುದಿನವೇ. ಅಕ್ಕನ ಮನೆಯಲ್ಲಿ ಒಂದು ರೂಮು ಖಾಲಿ ಇದೆ."

ಡ್ವೈಟ್ ಕೋಟನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದ. ಕೊನೆಗೆ ಹೇಳಿದ್ದು ಇಷ್ಟು: "ಸಾಮಾನು ಸಾಗಿಸೋಕೆ ಗಾಡಿ ಬೇಕಿದ್ರೆ ಹೇಳಿ. ನನ್ನ ಪಿಕಪ್ ಇದೆ."

ಅವನು ಹೋದ ಮೇಲೂ ರೊವೀನಾ ಬರಿಗಾಲಲ್ಲಿ ಕೂತೇ ಇದ್ದಳು. ಕಳಿಸೋಕೆ ಎಷ್ಟು ಆತುರ ನೋಡು, ಎಂದುಕೊಂಡಳು. ಯಾಕೆ ನೋವಾಯಿತೆಂದು ಅವಳಿಗೇ ತಿಳಿಯಲಿಲ್ಲ.

ದಕ್ಷಿಣ ಕ್ಯಾರೊಲೈನಾದ ಗುಡ್ಡಗಳ ನಡುವಿನ ಹಾಲಿಸ್ ಫೋರ್ಡಿನಲ್ಲಿ ಬೇಸಿಗೆ ಎಂದರೆ ಈ ನಾಟಕ. ಇಂಗ್ಲೆಂಡಿನ ದೊರೆಯ ಸೈನ್ಯದ ವಿರುದ್ಧ ಇಲ್ಲಿನ ರೈತರು ಎದ್ದು ನಿಂತ ಕಥೆ; ಸ್ವಾತಂತ್ರ್ಯದ ಘೋಷಣೆಯನ್ನು ಚರ್ಚಿನ ಅಂಗಳದಲ್ಲಿ ಓದಿದ ಕಥೆ. ಊರಿನವರೇ ಪಾತ್ರಧಾರಿಗಳು. ಗಂಡ ಜಾರ್ಜಿಯಾದ ಯಾವಳ ಜೊತೆಗೋ ಹೊರಟುಹೋದ ವರ್ಷ, ಸಂಜೆಗಳನ್ನು ಹೇಗೆ ಕಳೆಯುವುದೆಂದು ತಿಳಿಯದೆ ರೊವೀನಾ ಇಲ್ಲಿಗೆ ಬಂದಿದ್ದಳು. ಉದ್ದ ಲಂಗ, ತಲೆಗೆ ಬಿಳಿ ಟೋಪಿ ಕೊಟ್ಟು ಅವಳನ್ನು ರೈತನ ಹೆಂಡತಿ ಮಾಡಿದರು. ಹೆಂಡತಿ ತೀರಿಕೊಂಡ ಮೇಲೆ ಡ್ವೈಟ್ ಕೂಡ ಬಂದ. ಹಗಲು ಮನೆಮನೆಗೆ ಗ್ಯಾಸ್ ಲಾರಿ ಓಡಿಸುವವನು. ಇಲ್ಲಿನ ಬೆಂಕಿಯ ಪೈಪುಗಳನ್ನು ಜೋಡಿಸಿದ್ದೂ ಅವನೇ. ಎತ್ತರದ ಆಳು ಎಂಬ ಒಂದೇ ಕಾರಣಕ್ಕೆ ಬ್ರಿಟಿಷ್ ಕ್ಯಾಪ್ಟನ್ ಆದ.

ಅಷ್ಟು ಬೇಸಿಗೆಗಳಲ್ಲಿ ಅವರಿಬ್ಬರೂ ರಂಗದ ಹೊರಗೆ ಕೂತು ಮಾತಾಡಿದ್ದೇ ಇಲ್ಲ. ಅಂಗಡಿಯಲ್ಲಿ ಎದುರಾದರೆ ಅವನು ಟೋಪಿ ಮುಟ್ಟುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು.

ಈ ವರ್ಷ ಎಲ್ಲರೂ ದಣಿದಿದ್ದರು. ಸೈನಿಕರ ಸಾಲು ತೆಳ್ಳಗಾಗಿತ್ತು. ಕುದುರೆಗೆ ವಯಸ್ಸಾಗಿ ರಂಗದ ಪಕ್ಕದ ನದಿಗೆ ಇಳಿಯಲಾರೆ ಎಂದು ಹಟ ಮಾಡುತ್ತಿತ್ತು. ನಾಟಕ ಆಡಿಸುವ ಮಿಸೆಸ್ ಟ್ಯಾಲಿ ಒಂದು ಸಂಜೆ ಎಲ್ಲರನ್ನೂ ಕೂರಿಸಿ, "ಇದೇ ಕೊನೆಯ ವರ್ಷ ಕಣ್ರಪ್ಪ" ಎಂದಳು. "ಕೊನೆಯ ಶನಿವಾರ ಪೂರ್ತಿ ನಾಟಕ ಬೇಡ. ಜನಕ್ಕೆ ಯಾವ ದೃಶ್ಯ ಇಷ್ಟವೋ ಅವಷ್ಟೇ ಆಡೋಣ. ಆ ಕಾಲದಲ್ಲಿ ಕಾಳು ಹಾಕಿ ಮತ ಕೊಡ್ತಿದ್ರಂತೆ. ನಾವೂ ಹಾಗೇ ಮಾಡೋಣ."

ಗೇಟಿನ ಬಳಿ ದೃಶ್ಯಕ್ಕೊಂದರಂತೆ ಗಾಜಿನ ಜಾಡಿಗಳು ಸಾಲಾಗಿ ಕೂತವು. ಒಳಗೆ ಬಂದವರಿಗೆ ತಲಾ ಒಂದು ಹಿಡಿ ಬಿಳಿ ಬೀನ್ಸ್ ಕಾಳು. ಕುದುರೆ ನದಿ ದಾಟುವ ದೃಶ್ಯದ ಜಾಡಿ ಬೇಗ ತುಂಬಿತು. ಮನೆ ಸುಡುವುದು, ಗಂಟೆ ಬಾರಿಸಿ ಘೋಷಣೆ ಓದುವುದು, ಅವೂ ತುಂಬುತ್ತಾ ಬಂದವು. ತಳ ಕಾಣುತ್ತಿದ್ದುದು ಅಡುಗೆಮನೆಯ ಜಾಡಿ ಮಾತ್ರ.

ಆ ದೃಶ್ಯದಲ್ಲಿ ಕುದುರೆಯಿಲ್ಲ, ತುಪಾಕಿಯಿಲ್ಲ. ಗಾಯಗೊಂಡು ದಾರಿ ತಪ್ಪಿದ ಕ್ಯಾಪ್ಟನ್ ಒಬ್ಬನೇ ರೊವೀನಾಳ ಅಡುಗೆಮನೆಗೆ ಬರುತ್ತಾನೆ. ಶತ್ರು ಎಂದು ಗೊತ್ತಿದ್ದೂ ಅವಳು ಜೋಳದ ರೊಟ್ಟಿ, ಒಂದು ಲೋಟ ನೀರು ಕೊಡುತ್ತಾಳೆ. ಅವನು ತಿಂದು ಎದ್ದು ಹೋಗುತ್ತಾನೆ. ಮುಂದೆ ಅವನೇ ಬಂದು ಅವಳ ಮನೆ ಸುಡುತ್ತಾನೆ. ಅಡುಗೆಮನೆಯ ದೃಶ್ಯ ಬಂದಾಗ ಪ್ರೇಕ್ಷಕರು ಪಾಪ್‌ಕಾರ್ನ್ ತರಲು ಏಳುತ್ತಿದ್ದರು.

"ನಿಮ್ಮ ದೃಶ್ಯ ಹೋಗೋ ಹಾಗಿದೆ, ಮಿಸ್ ರೊವೀನಾ," ಎಂದು ಮಗಳ ಪಾತ್ರದ ಬ್ರಿಯಾನ ಮರುಗಿದಳು.

"ಹೋಗಲಿ ಬಿಡು. ರೊಟ್ಟಿ ಬೇಯಿಸೋ ಕೆಲಸ ಒಂದು ಕಡಿಮೆಯಾಯ್ತು" ಎಂದಳು ರೊವೀನಾ. ಆದರೆ ಮುಖ ತಿರುಗಿಸಿಕೊಂಡು ಹೇಳಿದಳು.

ಎಣಿಕೆಯ ಮಧ್ಯಾಹ್ನ ಸೆಕೆ ಎಂದರೆ ಸೆಕೆ. ಶೆಡ್ಡಿನ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಮಿಸೆಸ್ ಟ್ಯಾಲಿ ಒಂದೊಂದೇ ಜಾಡಿ ತಂದು ಮೇಜಿನ ಮೇಲೆ ಸುರಿದಳು. ಅಡುಗೆಮನೆಯ ಜಾಡಿ ಎತ್ತಿದವಳು ಭಾರಕ್ಕೆ ಹುಬ್ಬೇರಿಸಿದಳು. ನಿನ್ನೆ ಮೊನ್ನೆ ತಳ ಕಾಣುತ್ತಿದ್ದ ಜಾಡಿ ಕಂಠದವರೆಗೆ ತುಂಬಿತ್ತು. ಸುರಿದರೆ ನಾಲ್ಕಾರು ಬಿಳಿ ಬೀನ್ಸ್, ಉಳಿದದ್ದೆಲ್ಲ ಕಪ್ಪು ಕಣ್ಣಿನ ಅಲಸಂದೆ.

"ನಾನು ಕೊಟ್ಟಿದ್ದು ಬೀನ್ಸು. ಈ ಅಲಸಂದೆ ಎಲ್ಲಿಂದ ಬಂತು?"

ಯಾರೋ ಕಿಸಕ್ಕೆಂದರು. ಬ್ರಿಯಾನ ತಮಾಷೆಗೇ ಅಂದಳು, "ಮಿಸ್ ರೊವೀನಾ, ವೃದ್ಧಾಶ್ರಮದಲ್ಲಿ ಇವತ್ತು ಅಲಸಂದೆ ಸಾರು ಇಲ್ಲ ಅಂತಾಯ್ತು!"

ಎಲ್ಲರ ಕಣ್ಣೂ ಅವಳ ಮೇಲೆ ಬಿದ್ದವು. ರೊವೀನಾಳ ಕಿವಿ ಬಿಸಿಯಾದವು. ಐವತ್ತು ದಾಟಿದ ಹೆಂಗಸು, ಚಪ್ಪಾಳೆಗಾಗಿ ಕೆಲಸದ ಜಾಗದಿಂದ ಕಾಳು ಕದ್ದಳು ಎಂದು ಇವರೆಲ್ಲ ನಂಬುತ್ತಾರಾ? ಹೊರಟುಬಿಡಲು ಕೈಚೀಲ ಎತ್ತಿಕೊಂಡಳು.

"ಅದು ನಾನು" ಎಂದಿತು ಹಿಂದಿನಿಂದ ಒಂದು ದನಿ.

ಡ್ವೈಟ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಸಿಕ್ಕಿಬಿದ್ದವನ ಮುಖವಲ್ಲ, ಹೊರೆ ಇಳಿಸಿದವನ ಮುಖ.

"ನೀನಾ? ಯಾಕಪ್ಪಾ?" ಮಿಸೆಸ್ ಟ್ಯಾಲಿ ಕನ್ನಡಕ ಜಾರಿಸಿ ನೋಡಿದಳು.

"ಬೇರೆಲ್ಲಾ ದೃಶ್ಯದಲ್ಲೂ ನನಗೆ ನಿಂತು ಅರಚೋ ಕೆಲಸ, ಮ್ಯಾಮ್. ಅದೊಂದರಲ್ಲಿ ಕೂರೋಕೆ ಕುರ್ಚಿ ಇದೆ."

ಶೆಡ್ಡೆಲ್ಲ ನಗು. ಮಿಸೆಸ್ ಟ್ಯಾಲಿ ನಗು ತಡೆದುಕೊಂಡು ಮೇಜು ಕುಟ್ಟಿದಳು. "ಬ್ರಿಟಿಷರು ಮೋಸ ಮಾಡಿ ಗೆಲ್ಲೋದು ನನ್ನ ನಾಟಕದಲ್ಲಿ ನಡೆಯೋಲ್ಲ. ಅಡುಗೆಮನೆ ಔಟ್!"

ಎಲ್ಲರೂ ಚದುರಿದ ಮೇಲೆ ರೊವೀನಾ ಅವನನ್ನು ಹುಡುಕಿಕೊಂಡು ಹೋದಳು. ಕಲ್ಲು ಮೆಟ್ಟಿಲುಗಳ ತುದಿಯಲ್ಲಿ, ಓಕ್ ಮರದ ನೆರಳಿನಲ್ಲಿ ಸಿಹಿ ಟೀಯ ಲೋಟ ಹಿಡಿದು ಕೂತಿದ್ದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಅವನ ಪಕ್ಕ ಒಂದು ಮಾರು ದೂರ ಬಿಟ್ಟು ಕೂತಳು.

"ಕುರ್ಚಿಯ ಕಥೆ ಅವರಿಗೆ. ನನಗೆ ನಿಜ ಹೇಳಿ."

ಅವನು ಲೋಟದ ಐಸನ್ನು ಅಲ್ಲಾಡಿಸಿದ. "ನೀವು ಹೊರಟುಹೋಗೋ ಮುಂಚೆ ಇನ್ನೊಂದೇ ಒಂದು ಸಲ ಆ ದೃಶ್ಯ ಆಡಬೇಕಿತ್ತು."

"ಅದರಲ್ಲಿ ಏನಿದೆ? ಆರಿದ ರೊಟ್ಟಿ. ನಿಮ್ಮ ಗಂಟಲಿಗೆ ಸಿಕ್ಕಿಕೊಳ್ಳೋದು ನನಗೆ ಕಾಣಲ್ವಾ?"

"ರೊಟ್ಟಿ ಕೆಟ್ಟದಾಗೇ ಇರುತ್ತೆ. ನಾನು ಸುಳ್ಳು ಹೇಳಲ್ಲ." ಲೋಟ ಕೆಳಗಿಟ್ಟ. "ಆದರೆ ತಟ್ಟೆ ಇಟ್ಟು ನೀವು ನೋಡ್ತೀರಲ್ಲ, ನಾನು ತಿಂತೀನೋ ಇಲ್ವೋ ಅಂತ. ಹೆಂಡತಿ ಮೇರಿಯಾನ್ ಹೋದ ಮೇಲೆ ನಾನು ನಿಂತುಕೊಂಡೇ ತಿನ್ನೋದು. ಸಿಂಕಿನ ಹತ್ತಿರ. ಹಾಗೆ ಕೂತು, ಎದುರಿಗೆ ಒಬ್ಬರು ಇದ್ದು ತಿನ್ನೋದು ನನಗೆ ಅಲ್ಲಿ ಮಾತ್ರ. ಮೊದಲು ಅಷ್ಟೇ ಅಂದ್ಕೊಂಡಿದ್ದೆ. ಆಮೇಲೆ ಆಟ ಇಲ್ಲದ ದಿನಾನೂ ನೀವು ನೆನಪಾಗೋಕೆ ಶುರುವಾಯ್ತು."

ರೊವೀನಾ ಅವನತ್ತ ತಿರುಗಲಿಲ್ಲ. ಕೆಳಗೆ ಖಾಲಿ ರಂಗ ಬಿಸಿಲಿಗೆ ಬೆಳ್ಳಗಾಗಿತ್ತು.

"ಆವತ್ತು ಬೆಂಕಿ ಹಚ್ಚೋಕೆ ಮರೆತದ್ದು?"

"ಮರೀಲಿಲ್ಲ. ಟೆನೆಸಿ ಸುದ್ದಿ ಕೇಳಿ ಒಂದು ಗಂಟೆಯಾಗಿತ್ತು. ನೀವು ಬಾಗಿಲಲ್ಲಿ ನಿಂತಿದ್ರಿ. ಕೈ ಏಳಲಿಲ್ಲ."

"ಮತ್ತೆ ಗಾಡಿ ತರ್ತೀನಿ ಅಂದ್ರಲ್ಲ? ನನ್ನನ್ನ ಕಳಿಸೋಕೆ ಕಾಯ್ತಿದ್ದಾರೆ ಅಂದ್ಕೊಂಡೆ."

"ಬೇರೆ ಏನು ಕೇಳಬೇಕೂಂತ ಗೊತ್ತಾಗಲಿಲ್ಲ. ಗಾಡಿ ಆದ್ರೆ ಅಷ್ಟು ದೂರ ಜೊತೆಗಾದ್ರೂ ಬರಬಹುದು ಅಂತ."

ಅವಳಿಗೆ ನಗು ಬಂತು. ನುಂಗಿಕೊಂಡಳು.

"ಡ್ವೈಟ್," ಎಂದಳು. ಕ್ಯಾಪ್ಟನ್ ಅಲ್ಲ, ಡ್ವೈಟ್. "ನನಗೆ ತುಂಬಾ ಸುಸ್ತಾಗಿದೆ. ಮಂಡಿ ನೋಯುತ್ತೆ. ಇನ್ನೊಬ್ಬರಿಗೆ ಏನಿಷ್ಟ ಅಂತ ಕಲಿಯೋಕೆ, ಇನ್ನೊಬ್ಬರ ಶರ್ಟು ಒಗೆಯೋಕೆ ನನ್ನಲ್ಲಿ ತ್ರಾಣ ಇಲ್ಲ. ಎಲ್ಲಾದ್ರೂ ಒಂದು ಕಡೆ ಮಲಗಿಬಿಟ್ರೆ ಸಾಕು ಅನ್ಸುತ್ತೆ."

"ನನ್ನ ಶರ್ಟು ನಾನೇ ಒಗ್ಕೋತೀನಿ."

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ, ರೊವೀನಾ. ನಾನೂ ದಣಿದಿದ್ದೀನಿ. ಕುಣಿಸ್ತೀನಿ, ಹಾಡಿಸ್ತೀನಿ ಅಂತ ಹೇಳೋಕೆ ಬಂದಿಲ್ಲ. ನೀನು ಸುಸ್ತಾಗಿ ಕೂತಾಗ ಪಕ್ಕದಲ್ಲಿ ಕೂತಿರ್ತೀನಿ. ಅಷ್ಟೇ ನನ್ನ ಕೈಲಾಗೋದು."

'ನೀನು' ಎಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಗೊತ್ತಾಯಿತು. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಕ್ಕನಿಗೆ ಮಾತು ಕೊಟ್ಟಾಗಿದೆ" ಎಂದು ಎದ್ದಳು.

"ಹಾಗಿದ್ರೆ ಭಾನುವಾರ ಬೆಳಿಗ್ಗೆ ಗಾಡಿ ತರ್ತೀನಿ" ಎಂದ ಅವನು. ದನಿಯಲ್ಲಿ ಮುನಿಸಿರಲಿಲ್ಲ. ಅದಕ್ಕೇ ಮೆಟ್ಟಿಲು ಇಳಿಯುವುದು ಅವಳಿಗೆ ಕಷ್ಟವಾಯಿತು.

ಕೊನೆಯ ಶನಿವಾರ ಕಲ್ಲು ಮೆಟ್ಟಿಲುಗಳಲ್ಲಿ ಜಾಗವಿರಲಿಲ್ಲ. ಹುಲ್ಲಿನ ಮೇಲೂ ಜನ. ಕುದುರೆ ದೊಡ್ಡ ಮನಸ್ಸು ಮಾಡಿ ನದಿ ದಾಟಿತು. ಡ್ವೈಟ್ ಅರಚಬೇಕಾದ ಕಡೆ ಗುಡ್ಡ ಅದುರುವಂತೆ ಅರಚಿದ. ಅವಳ ಮನೆ ಕೊನೆಯ ಸಲ ಉರಿಯಿತು. ಅಡುಗೆಮನೆ ಬರಲೇ ಇಲ್ಲ. ಜನರಿಗೆ ಅದರ ನೆನಪೂ ಇರಲಿಲ್ಲ.

ಕಾಳಗ ಮುಗಿದು, ಚರ್ಚಿನ ಗಂಟೆ ಬಾರಿಸಿ ಘೋಷಣೆಯನ್ನು ಮತ್ತೊಮ್ಮೆ ಓದುವಾಗ ಜನರೆಲ್ಲ ಎದ್ದು ನಿಂತರು. ಮುದುಕರು ಟೋಪಿ ತೆಗೆದರು. ಬ್ರಿಯಾನ ನಿಜವಾಗಿಯೇ ಅಳುತ್ತಿದ್ದಳು. ರೊವೀನಾ ಹುಲ್ಲಿನ ಮೇಲೆ ಸತ್ತು ಬಿದ್ದ ಕೆಂಪು ಕೋಟುಗಳ ನಡುವೆ ಒಂದನ್ನು ಹುಡುಕಿದಳು. ಸತ್ತ ಕ್ಯಾಪ್ಟನ್ ಒಂದೇ ಕಣ್ಣು ತೆರೆದು ಅವಳನ್ನು ನೋಡುತ್ತಿದ್ದ. ಅವನ ಮೂಗಿನ ಮೇಲೆ ಒಂದು ಸೊಳ್ಳೆ. ಹೊಡೆದುಕೊಳ್ಳುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ. ಅವನ ಅವಸ್ಥೆ ನೋಡಿ, ಅಷ್ಟು ಗಂಭೀರವಾದ ಗಳಿಗೆಯಲ್ಲಿ, ಅವಳು ಬಿಳಿ ಟೋಪಿ ತೆಗೆದು ಅದರಲ್ಲಿ ಬಾಯಿ ಮುಚ್ಚಿಕೊಂಡಳು. ಮುಂದಿನ ಸಾಲಿನವರು ಅದನ್ನು ಅಳು ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಪಿಕಪ್ ಬಂತು. ಅವಳ ಬದುಕೆಲ್ಲಕ್ಕೂ ಅದರ ಹಿಂಬದಿಯ ಅರ್ಧವೇ ಸಾಕಾಯಿತು. ಕುರ್ಚಿಗಳನ್ನು ಹಗ್ಗ ಹಾಕಿ ಬಿಗಿಯುವಾಗ ಡ್ವೈಟ್ ಆಕಳಿಸಿದ.

"ನಿದ್ದೆ ಮಾಡಿಲ್ವಾ?"

"ಗ್ಯಾಸ್ ಪೈಪೆಲ್ಲಾ ಕಳಚಿ ಮುಗಿಸೋ ಹೊತ್ತಿಗೆ ಬೆಳಗಾಗಿತ್ತು."

ಬೆಟ್ಟದ ರಸ್ತೆಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಟೆನೆಸಿಯ ಗಡಿಗೆ ಇನ್ನೂ ದೂರವಿದ್ದಾಗ, ಕಣಿವೆ ಕಾಣುವ ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. "ಕಣ್ಣು ಮುಚ್ಚಿಕೊಳ್ತಿದೆ. ಒಂದೈದು ನಿಮಿಷ ಬಿಡು" ಎಂದವನು, ಮಾತು ಮುಗಿಯುವ ಮೊದಲೇ ನಿದ್ದೆ ಹೋದ. ತಲೆ ಮೆಲ್ಲಗೆ ವಾಲುತ್ತ ವಾಲುತ್ತ ಅವಳ ಹೆಗಲಿಗೆ ಬಂತು.

ರೊವೀನಾ ಸರಿಯಲಿಲ್ಲ. ತೆರೆದ ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅವನ ಶರ್ಟಿನಲ್ಲಿ ಅಗ್ಗದ ಸೋಪಿನ ವಾಸನೆ. ಯಾವಾಗ ತನಗೂ ಕಣ್ಣು ಹತ್ತಿತೋ ಅವಳಿಗೆ ತಿಳಿಯಲಿಲ್ಲ. ಎಷ್ಟೋ ವರ್ಷಗಳಿಂದ ಬರದಿದ್ದಂಥ ನಿದ್ದೆ ಅದು.

ಎಚ್ಚರವಾದದ್ದು ಫೋನಿನ ಸದ್ದಿಗೆ. ಬಿಸಿಲು ನೆತ್ತಿಗೆ ಬಂದಿತ್ತು. ತೋಳು ಜೋಮು ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಫೋನು ಎತ್ತಿಕೊಂಡಳು.

"ಎಲ್ಲಿದ್ದೀಯೇ? ಊಟ ಆರಿಹೋಗ್ತಿದೆ," ಎಂದಳು ಅಕ್ಕ ವಿನ್ನಿ.

"ಮೆಲ್ಲಗೆ ಮಾತಾಡಕ್ಕ. ಒಬ್ಬರು ಮಲಗಿದ್ದಾರೆ."

"ಯಾರೇ ಅದು?"

ರೊವೀನಾ ಹೆಗಲ ಮೇಲಿನ ನರೆತ ತಲೆಯನ್ನು ನೋಡಿದಳು. ಕಣ್ಣು ಮುಚ್ಚಿದ್ದವು. ಆದರೆ ಉಸಿರು ಬಿಗಿಹಿಡಿದ ಹಾಗಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡ. ನಾನು ಇರೋಕೆ ಅಂತ ಬರ್ತಿಲ್ಲ. ಇವತ್ತು ಊಟ ಮಾಡಿ, ಸಂಜೆಗೆ ಸಾಮಾನಿನ ಜೊತೆಗೇ ವಾಪಸ್ ಹೋಗ್ತೀವಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. "ಹೋಗ್ತೀವಿ?"

"ಹೂಂ," ಎಂದಳು ರೊವೀನಾ. "ಹೋಗ್ತೀವಿ. ಇನ್ನೊಂದು ತಟ್ಟೆ ಇಡು."