ಕಮಾನಿನ ರಾಳ

ನನ್ನ ಗಂಡ ಗಣೇಶಪ್ರಸಾದರು ವಯೋಲಾ ವಾದಕರು; ವಯಲಿನ್ನಿಗಿಂತ ತುಸು ದೊಡ್ಡ ವಾದ್ಯ ಅದು. ಶನಿವಾರ ಬಂದರೆ ಕಳಮಶ್ಶೇರಿಯ ನಮ್ಮ ಫ್ಲ್ಯಾಟಿನಲ್ಲಿ ತಂತಿಯ ಮೇಲೆ ಹಿಡಿತ ಸಿಗಲೆಂದು ಕಮಾನಿಗೆ ರಾಳ ತಿಕ್ಕಿ ರೈಲು ಹತ್ತುತ್ತಿದ್ದರು. ನುಡಿಸುತ್ತಿದ್ದದ್ದು ಮಾತ್ರ ತಿರುವನಂತಪುರದಲ್ಲಿ, ಶಿಷ್ಯೆ ಅನ್ವಿತಾಳಿಗೆ. ಕೊನೆಗೆ ಅವಳ ಮನೆಯಲ್ಲೇ ತೀರಿಕೊಂಡರು.

ವರ್ಷದ ತಿಥಿ ಮುಗಿದ ಮಧ್ಯಾಹ್ನ ಅವರ ಮೆಚ್ಚಿನ ಸಿ.ಡಿ. ಹಾಕಿದೆ: ವಯಲಿನ್, ವಯೋಲಾಗಳಿಗೆಂದು ಬರೆದ ಈಚಿನ ಹಂಗೇರಿಯನ್ ಕಾನ್ಚೆರ್ಟೊಗಳು, ವಾದ್ಯವೃಂದದ ಜೊತೆ ನುಡಿಸುವ ಕೃತಿಗಳು. ವಯಲಿನ್ ಸರಿಯಾಗಿಯೇ ಕೇಳಿತು. ವಯೋಲಾ ಬರಬೇಕಾದಲ್ಲೆಲ್ಲ ರಾಳ ತಿಕ್ಕುವ ಸದ್ದು, ಅದರದೇ ವಾಸನೆ. ಏಪ್ರಿಲ್ ಸೆಕೆಯಲ್ಲೂ ನೆಲ ಕೊರೆಯುವಷ್ಟು ತಣ್ಣಗಿತ್ತು.

ಅಷ್ಟರಲ್ಲಿ ಅನ್ವಿತಾಳ ಫೋನ್ ಬಂತು. ನನ್ನನ್ನು ಅವಳು ಕರೆಯುವುದು ಚೇಚಿ, ಅಕ್ಕ, ಎಂದೇ.

“ಚೇಚೀ, ಮೇಲಿನ ಕೋಣೆಯಲ್ಲಿ ಸರ್‌ನ ವಯೋಲಾ ಕೇಳ್ತಾ ಉಂಟು. ಅದೇ ಹಂಗೇರಿಯದ್ದು, ವಯಲಿನ್ ಇಲ್ಲದೆ.”

“ನಿನಗಲ್ಲದೆ ಮತ್ತೆ ಯಾರಿಗೆ ನುಡಿಸುವುದು ಅವರು?” ಎಂದು ಸಿ.ಡಿ. ನಿಲ್ಲಿಸಿದೆ.

“ಈಗ ನಿಂತಿತು, ಚೇಚೀ.”

ಅಲ್ಲಿ ನಿಂತಿತು. ಇಲ್ಲಿ ರಾಳ ತಿಕ್ಕುವ ಸದ್ದು ಇನ್ನೂ ನಿಂತಿಲ್ಲ.