ನನ್ನ ಪಟ್ಟಿ ನಡುಗಲಿಲ್ಲ

ಹುಬ್ಬಳ್ಳಿಯ ಒಂದು ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ತಲೆಸುತ್ತಿ ಬಿದ್ದಳು. ಮರುಕ್ಷಣವೇ ಪೇಪರ್ ಓದುತ್ತಿದ್ದ ಒಬ್ಬನ ಮಣಿಕಟ್ಟಿನ ಪಟ್ಟಿ ನಡುಗಿತು. ಅವನು ಎದ್ದೋಡಿ ಅವಳನ್ನು ಎತ್ತಿ ಕೂರಿಸಿ ನೀರು ಕುಡಿಸಿದ. ಉಳಿದವರು ತಂತಮ್ಮ ಪಟ್ಟಿ ನೋಡಿಕೊಂಡು ಹಾಯಾಗಿ ಬಸ್ಸು ಹತ್ತಿದರು. ಈ ಶತಮಾನದ ನಡುಭಾಗದಲ್ಲಿ ಇದು ದಿನನಿತ್ಯದ ನೋಟವಾಗಿತ್ತು.

ಪಟ್ಟಿಯನ್ನು ಕಂಡುಹಿಡಿದವಳು ಸಮಾಜ ಮನೋವಿಜ್ಞಾನಿ ನೀಲಾಂಬಿಕಾ ಹಂಚಿನಮನಿ. ಗುಂಪು ದೊಡ್ಡದಾದಷ್ಟೂ ಹೊಣೆ ಹಂಚಿಹೋಗುತ್ತದೆ; 'ಬೇರೆ ಯಾರಾದರೂ ಹೋಗುತ್ತಾರೆ' ಎಂದು ಪ್ರತಿಯೊಬ್ಬನೂ ನಿಂತುಬಿಡುತ್ತಾನೆ. ಇದಕ್ಕೆ ಮನುಷ್ಯ ಕೆಟ್ಟವನೇ ಆಗಬೇಕಿಲ್ಲ, ಗುಂಪಿನಲ್ಲಿದ್ದರೆ ಸಾಕು. ಹಾಗಾದರೆ ಒಬ್ಬನನ್ನೇ ಆರಿಸಿ 'ನೀನೇ ಹೋಗು' ಎಂದುಬಿಟ್ಟರೆ? ಬಿದ್ದವರನ್ನು ಕ್ಯಾಮೆರಾ ಗುರುತಿಸುತ್ತಿತ್ತು. ಹತ್ತಿರದಲ್ಲಿ ಶುಶ್ರೂಷೆ ಬಲ್ಲವರಿದ್ದರೆ ಅವರ ಪಟ್ಟಿ, ಇಲ್ಲದಿದ್ದರೆ ಯಾರಾದರೊಬ್ಬರ ಪಟ್ಟಿ ನಡುಗುತ್ತಿತ್ತು. ಎಷ್ಟೋ ಜೀವಗಳು ಉಳಿದವು. ಸನ್ಮಾನದ ಶಾಲುಗಳಿಗೆ ಅವಳ ಮನೆಯ ಕಪಾಟು ಸಾಲಲಿಲ್ಲ.

ಒಂದು ಬೆಳಿಗ್ಗೆ ಅದೇ ನಿಲ್ದಾಣದಲ್ಲಿ ಅವಳ ತಮ್ಮ ಗುರುಪಾದ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವನು. ಅಲ್ಲಿ ಶುಶ್ರೂಷೆ ಬಲ್ಲವರಲ್ಲಿ ಅತಿ ಹತ್ತಿರದವನು ಯಾರು? ಅವನೇ. ನಡುಗಿದ್ದು ಅವನದೇ ಪಟ್ಟಿ! ಬಿದ್ದವನೇ ನೆರವಾಗಬೇಕಾದವನೂ ಆಗಿರಬಹುದೆಂದು ನೀಲಾಂಬಿಕಾಗೆ ಎಂದೂ ಹೊಳೆದಿರಲಿಲ್ಲ. ಅಯ್ಯೋ, ಎಷ್ಟು ಸಣ್ಣ ತಪ್ಪು! ಜನ ಕಿಕ್ಕಿರಿದ ನಿಲ್ದಾಣದಲ್ಲಿ ಗುರುಪಾದ ಒಬ್ಬನೇ ಸತ್ತ.

ತಮ್ಮನ ಮಣ್ಣು ಮುಗಿಸಿ ಅವಳು ನಿಲ್ದಾಣದ ಬೇಕರಿಯ ಮಾಲೀಕ ಚನಬಸಪ್ಪನ ಮುಂದೆ ಹೋಗಿ ನಿಂತಳು. ಅವನ ಅಂಗಡಿಯ ಎದುರಿಗೇ ಗುರುಪಾದ ಬಿದ್ದಿದ್ದ.

"ನಿಮ್ಮ ಕಣ್ಣ ಮುಂದನ ಬಿದ್ದಾನಲ್ರೀ. ಒಂದು ಹೆಜ್ಜಿ ಇಡಾಕ ಆಗಲಿಲ್ಲೇನ್ರೀ?" ಎಂದು ಕೇಳಿದಳು.

"ನನ್ನ ಪಟ್ಟಿ ನಡುಗಲಿಲ್ರೀ ಮೇಡಂ," ಎಂದ ಚನಬಸಪ್ಪ. "ಯಾರದೋ ನಡುಗಿರ್ತೈತಿ, ಬರ್ತಾರ ಅಂತ ಬ್ರೆಡ್ ಕಟ್ಟಿ ಕೊಟ್ಕೋತ ನಿಂತೆ." ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ.

"ಪಟ್ಟಿ ಇಲ್ಲದ ಕಾಲದಾಗ ಆಗಿದ್ರ ಹೋಗ್ತಿದ್ರೇನು?"

ಅವನು ಕೈಯಲ್ಲಿದ್ದ ಬ್ರೆಡ್ಡಿನ ಪೊಟ್ಟಣ ಕೆಳಗಿಟ್ಟ. "ಸುಳ್ಳ್ಯಾಕ ಹೇಳ್ಲಿರೀ, ಆವಾಗೂ ನಿಂತು ನೋಡ್ತಿದ್ನೋ ಏನೋ. ಆದ್ರ ರಾತ್ರಿ ನಿದ್ದಿ ಹತ್ತತಿರ್ಲಿಲ್ಲ."

"ಈಗ?"

"ಈಗ ಚಲೋ ನಿದ್ದಿ ಬರ್ತೈತ್ರೀ," ಎಂದ ಚನಬಸಪ್ಪ.