ಖಾಲಿ ಬಿಟ್ಟ ಮುಖ

ದೆವ್ವಗಿವ್ವ ಅಂದರೆ ನಕ್ಕುಬಿಡುತ್ತಿದ್ದವಳು ನಾನು. ನಮ್ಮ ಬೀದಿಯವರು ಏನೇ ಕಾರ್ಯಕ್ರಮ ಮಾಡಲಿ, ಕರಪತ್ರದ ಬದಲು ಕಾಮಿಕ್ಸ್ ಪುಸ್ತಕ ಹಂಚುತ್ತಾರೆ. ಅದರ ಮುಖಪುಟ ಬರೆದು ಬಣ್ಣ ಹಚ್ಚುವುದು ನನ್ನ ಕೆಲಸ. ಚಿತ್ರದ ಗುಂಪಿನಲ್ಲಿ ಒಂದು ಮುಖ ಖಾಲಿ ಬಿಟ್ಟು, ಕೊನೆಗೆ ಬೀದಿಯಲ್ಲಿ ಮೊದಲು ಕಂಡವರನ್ನು ಅಲ್ಲಿ ತುಂಬುತ್ತೇನೆ.

ಈ ಸಲ ವಾಚನಾಲಯದ ವಾರ್ಷಿಕೋತ್ಸವ. ಮಟಮಟ ಮಧ್ಯಾಹ್ನ ಕುಂಚ ತೊಳೆದು ಬರುವಷ್ಟರಲ್ಲಿ ಆ ಖಾಲಿ ಜಾಗದಲ್ಲಿ ನನ್ನ ತಂಗಿಯ ಮುಖವಿತ್ತು, ಗಲ್ಲದ ಮಚ್ಚೆ ಸಮೇತ.

"ನನ್ನ ಚಿತ್ರಕ್ಕೆ ಯಾಕೇ ಕೈ ಹಾಕಿದೆ?" ಎಂದು ರೇಗಿದೆ.

ಪಕ್ಕದ ಕೋಣೆಯಲ್ಲಿ, ಕನ್ನಡಿ ಮುಂದೆ ಸರಸರ ತಲೆ ಬಾಚಿಕೊಳ್ಳುತ್ತಿದ್ದ ತಂಗಿ ನಕ್ಕಳು. "ನಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ, ನಿಂಗೇ ಗೊತ್ತಲ್ಲಕ್ಕಾ."

ಆ ಮುಖವನ್ನು ಮುಟ್ಟಿದೆ. ಅಂಥ ಸೆಖೆಯಲ್ಲೂ ಬಣ್ಣ ಮಂಜುಗಡ್ಡೆಯಂತೆ ತಣ್ಣಗಿತ್ತು. ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಅಳಿಸತೊಡಗಿದೆ. ಮೊದಲು ಮಚ್ಚೆ ಹೋಯಿತು.

"ಅಕ್ಕಾ, ಬಾರೇ ಇಲ್ಲಿ! ನನ್ನ ಮಚ್ಚೆ ಕಾಣ್ತಿಲ್ಲ ಕಣೇ!"

ಕೈ ತಡೆಯುವಷ್ಟರಲ್ಲಿ ಕುಂಚ ಬಾಯಿಯ ಮೇಲೆ ಹಾದುಹೋಗಿತ್ತು.

ತಂಗಿಯ ಕೂಗು ಅಲ್ಲಿಗೇ ನಿಂತಿತು. ಬಾಚಣಿಗೆಯ ಸದ್ದು ಮಾತ್ರ ನಿಲ್ಲಲಿಲ್ಲ.